ಕಾಡುಕುರಿಗಳ ಹಿಂದೆ ಒಂದು ಕೈ

ಕಳೆದ ಶುಕ್ರವಾರ ಸಂಜೆ ನಾನು ಒಬ್ಬ ಮನುಷ್ಯನ ಮೂವತ್ತೊಂದು ಫೋಟೋ ತೆಗೆದೆ. ಆತ ಅಲ್ಲಿದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ.

ನಾನು ಹೋದದ್ದು ಕುರಿಗಳಿಗಾಗಿ. ಕುವೈತಿನಲ್ಲಿ ಎಲ್ಲಿಯ ಬೆಟ್ಟದ ಕಾಡುಕುರಿ ಎಂದು ನಗಬೇಡಿ. ಜಹ್ರಾದಾಚೆ ಯಾರೋ ತಮ್ಮ ಫಾರ್ಮಿನಲ್ಲಿ ಶೋಕಿಗೆಂದು ತರಿಸಿ ಇಟ್ಟಿದ್ದರಂತೆ. ಗಾಳಿಗೆ ಬೇಲಿ ಬಿದ್ದು, ಆರು ಕುರಿಗಳು ತಪ್ಪಿಸಿಕೊಂಡು ಮುತ್ಲಾ ದಿಣ್ಣೆ ಹತ್ತಿದ್ದವು. (ನಮ್ಮ ಮಂಗಳೂರಿನವರು ಅದನ್ನು ಗುಡ್ಡೆ ಅಂತಲೂ ಒಪ್ಪಲಿಕ್ಕಿಲ್ಲ. ಇಲ್ಲಿ ಅದೇ ಹಿಮಾಲಯ.) ಖೈತಾನಿನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ವಿಲ್ಫ್ರೆಡ್ ಕಾರು ತೆಗೆದ. ನಾನು ಕ್ಯಾಮೆರಾ ಹಿಡಿದೆ.

ತಲುಪಿದಾಗ ಸೂರ್ಯ ಮುಳುಗಿಯಾಗಿತ್ತು. ಆದರೆ ಕುರಿಗಳು ಸಿಕ್ಕವು. ದಿಣ್ಣೆಯ ಅಂಚಿನಲ್ಲಿ, ಬಾಗಿದ ದಪ್ಪ ಕೊಂಬು ಹೊತ್ತು, ಆರೂ ನಿಂತಿದ್ದವು.

"ಎಂಥ ಮಾರಾಯ, ಇವು ಓಡುವುದೇ ಇಲ್ಲವಲ್ಲ!" ವಿಲ್ಫ್ರೆಡ್ ಪಿಸುಗುಟ್ಟಿದ.

ಅದೇ ವಿಚಿತ್ರ. ಇಂಥ ಪ್ರಾಣಿ ಮನುಷ್ಯರನ್ನು ಕಂಡರೆ ಓಡಬೇಕು. ಇಲ್ಲವೇ ದಿಟ್ಟಿಸಿ ನೋಡಬೇಕು. ಇವು ನಮ್ಮ ಕಡೆ ತಿರುಗಲೂ ಇಲ್ಲ. ಆರೂ ಕುತ್ತಿಗೆ ಹೊರಳಿಸಿ ಬಂಡೆಗಳ ನಡುವಿನ ಕತ್ತಲನ್ನೇ ನೋಡುತ್ತಿದ್ದವು. ನಾನೂ ನೋಡಿದೆ. ಏನೂ ಇರಲಿಲ್ಲ. ನಮ್ಮ ಬೆನ್ನ ಹಿಂದಿನಿಂದ ಜೋರು ಗಾಳಿ. ಒಂದು ಕುರಿಯಾದರೂ 'ಮ್ಯಾ' ಎನ್ನಬಾರದೇ?

ಬೆಳಕು ಹೋಗುತ್ತಿತ್ತು. ಯೋಚಿಸಲು ಯಾರಿಗೆ ಪುರುಸೊತ್ತು? ಎದುರಿಗೆ ಅಡ್ಡ ನಿಂತಿದ್ದ ವಿಲ್ಫ್ರೆಡ್‌ಗೆ ಆಚೆ ಸರಿ ಎಂದು ಕೈ ಬೀಸಿದೆ. ಕತ್ತಲಾಗುವವರೆಗೂ ಕ್ಲಿಕ್ಕಿಸಿದೆ.

ಕಾರಿನಲ್ಲಿ ಕೂತು ಫೋಟೋಗಳನ್ನು ಫೋನಿಗೆ ಇಳಿಸಿದೆ. ಎಲ್ಲ ಕಪ್ಪು ಕಪ್ಪು. ಒಂದರಲ್ಲಿ ನೆರಳಿನ ಭಾಗವನ್ನಷ್ಟೇ ಬೆಳಗಿಸಿ ದೊಡ್ಡದು ಮಾಡಿದೆ.

ಟಗರಿನ ಕೊಂಬಿನ ಬಲಕ್ಕೆ, ಬಂಡೆಗಳ ನಡುವೆ, ಒಂದು ಮುಖ.

"ಇವ ಯಾರು?" ವಿಲ್ಫ್ರೆಡ್ ಕೇಳಿದ.

ಮುಂದಿನ ಫೋಟೋ ತೆರೆದೆ. ಅಲ್ಲೂ ಇದ್ದ. ಅದರ ಮುಂದಿನದರಲ್ಲೂ. ಬಾಯಿ ತೆರೆದಿತ್ತು. ಬೆರಳಿನಿಂದ ಬೇಗಬೇಗ ಸರಿಸುತ್ತಾ ಹೋದಂತೆ ಆತನ ಕೈ ಅಲುಗಾಡತೊಡಗಿತು. ಬೀಸುತ್ತಿದ್ದ. ನಮಗೇ.

ವಿಲ್ಫ್ರೆಡ್ ಶಿಲುಬೆಯ ಗುರುತು ಮಾಡಿ ಕಾರು ಸ್ಟಾರ್ಟ್ ಮಾಡಿದ. ಲೈಟ್ ಹಾಕಿದ. ರಸ್ತೆ ಮುಟ್ಟುವಷ್ಟರಲ್ಲಿ ಬ್ರೇಕ್ ಒತ್ತಿದ.

"ದೆವ್ವ ಆದರೆ ನಮಗೆ ಯಾಕೆ ಕೈ ಬೀಸುವುದು? ಟಾರ್ಚ್ ತಕ್ಕೋ, ಬಾ."

ದಿಣ್ಣೆ ಹತ್ತಿದೆವು. ಟಾರ್ಚಿನ ಬೆಳಕಿಗೆ ಹನ್ನೆರಡು ಹಸಿರು ಕಣ್ಣುಗಳು ಹೊಳೆದವು. ಕುರಿಗಳು ಕದಲಿರಲಿಲ್ಲ. ಅವುಗಳ ಹಿಂದೆ, ಬಂಡೆಗೊರಗಿ ಆತ ಕೂತಿದ್ದ. ಒಂದು ಕಾಲು ತಿರುಚಿ ಊದಿಕೊಂಡಿತ್ತು.

ರಾಜಸ್ಥಾನದ ಭನ್ವರ್. ಅದೇ ಫಾರ್ಮಿನ ಕೆಲಸಗಾರ. ಕುರಿಗಳನ್ನು ಹುಡುಕುತ್ತಾ ಬೆಳಿಗ್ಗೆ ಹತ್ತಿದವನು ಜಾರಿ ಬಿದ್ದಿದ್ದ. ಫೋನು ಬಂಡೆಗಳ ಸಂದಿಗೆ ಬಿದ್ದುಹೋಗಿತ್ತು. ದಿನವಿಡೀ ಕೂಗಿ ಗಂಟಲು ಕಟ್ಟಿತ್ತು. ಉಳಿದ ಚೂರು ದನಿಯನ್ನು ಗಾಳಿ ನಮ್ಮತ್ತ ಬರಗೊಡಲಿಲ್ಲ. ದಿನಾ ಮೇವು ಹಾಕುವ ಮನುಷ್ಯನನ್ನು ಬಿಟ್ಟು ಹೋಗಲು ಕುರಿಗಳಿಗೆ ಮನಸ್ಸಾಗಿರಲಿಲ್ಲ.

ವಿಲ್ಫ್ರೆಡ್ ಆಂಬುಲೆನ್ಸಿಗೆ ಫೋನ್ ಮಾಡಿದ. ನಾನು ನೀರು ಕುಡಿಸಿದೆ. ಸ್ವಲ್ಪ ದನಿ ಬಂದ ಮೇಲೆ ಭನ್ವರ್ ಹಿಂದಿಯಲ್ಲಿ ಹೇಳಿದ: "ಭಾಯಿಸಾಬ್, ನಾನು ಕೈ ಬೀಸಿದೆ. ನೀವೂ ಬೀಸಿದಿರಿ. ಬರ್ತೀರಿ ಅಂದುಕೊಂಡೆ. ಆಮೇಲೆ ಕಾರಿನ ಲೈಟು ಹೊರಟುಹೋಯಿತು."

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಗುಣವಾಗುತ್ತದಂತೆ. ನಾನು ಮಾತ್ರ, ಆತ ಕೈ ಬೀಸುತ್ತಿದ್ದಾಗ ಕ್ಲಿಕ್ಕಿಸುತ್ತಾ ನಿಂತಿದ್ದ ಆ ಹತ್ತು ನಿಮಿಷಗಳನ್ನು ಇನ್ನೂ ದಾಟಿಲ್ಲ. ಇಷ್ಟು ವರ್ಷದಲ್ಲಿ ಈ ಲೆನ್ಸಿನ ಮುಂದೆ ಹೀಗೆ ಎಷ್ಟು ಜನ ಕೈ ಬೀಸಿದ್ದಾರೋ!

ನಿನ್ನೆ ಆ ಫೋಟೋಗಳಲ್ಲಿ ಒಂದನ್ನು, ಏನೂ ತಿದ್ದದೆ, ಏನೂ ಬರೆಯದೆ ನಮ್ಮ ಫೋಟೋಗ್ರಫಿ ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ಕೂಡಲೇ ಬಂತು:

"ಸೂಪರ್ ಶಾಟ್ ಸರ್, ಬಲಗಡೆ ಬಂಡೆ ಹತ್ತಿರ ಏನೋ ಒಂದು ಚುಕ್ಕೆ ಉಂಟು, ಅದನ್ನು ತೆಗೆದುಬಿಡಿ."