ನೀಲಗಂಗಮ್ಮನ ಕ್ಯೂಬಿಗೆ ಎಣ್ಣೆ

ಕಮಲಾಪುರದ ಹೆಂಗಸರಿಗೆ ಕುಪ್ಪಸವೆಂದರೆ ನೀಲಗಂಗಮ್ಮನೇ ಹೊಲಿಯಬೇಕು. ಮಕ್ಕಳಿಲ್ಲದ ಮನೆ. ಗಂಡ ಸೂಗಪ್ಪ ಟೆಂಪೋ ಓಡಿಸುತ್ತಿದ್ದ. ಒಮ್ಮೆ ಅವನು ಕಲಬುರಗಿಯಿಂದ ಬರುವಾಗ, ತಿರುವಿ ತಿರುವಿ ಬಣ್ಣ ಕೂಡಿಸುವ ಪ್ಲಾಸ್ಟಿಕ್ ಕ್ಯೂಬೊಂದನ್ನು ತಮಾಷೆಗೆಂದು ತಂದಿದ್ದ. ಆಕೆ ಅದನ್ನು ಫೋನಿನಲ್ಲಿ ನೋಡಿ ನೋಡಿ ಕಲಿತೇಬಿಟ್ಟಳು. ಮಧ್ಯಾಹ್ನ ಹೊಲಿಗೆ ನಿಲ್ಲಿಸಿ, ಬೆನ್ನು ನೇರ ಮಾಡಿ ಕೂತು, ಆರೂ ಬದಿಗಳ ಬಣ್ಣ ಕೂಡಿಸಿದಾಗ ಯಾರೂ ಹೊಗಳದಿದ್ದರೂ ಅವಳ ಮುಖ ಅರಳುತ್ತಿತ್ತು.

ದೀಪಾವಳಿ ಕಳೆದ ಮೇಲೆ ಕ್ಯೂಬು ಬಿಗಿಯಾಯಿತು. ತಿರುವಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೊಬ್ಬರಿ ಎಣ್ಣೆ ಬಿಟ್ಟಳು. ಅದು ಚಳಿಗೆ ಹೆಪ್ಪುಗಟ್ಟಿ, ಧೂಳು ಹಿಡಿದು ಇನ್ನಷ್ಟು ಅಂಟಾಯಿತು. ಸೂಗಪ್ಪ ಟೆಂಪೋದ ಬೋಲ್ಟುಗಳಿಗೆ ಹೊಡೆಯುವ ಸ್ಪ್ರೇ ಹೊಡೆದ. ಕೆಲವೇ ದಿನಗಳಲ್ಲಿ ಒಳಗಿನ ಪ್ಲಾಸ್ಟಿಕ್ ಬೆಳ್ಳಗಾಗಿ, ಒಂದು ಮೂಲೆ ಸೀಳಿತು.

“ಕಬ್ಬಿಣಕ್ಕ ನಡಿಯೋದು ಇದಕ್ಯಾಕ ನಡಿಲಿಲ್ಲ?” ಎಂದು ಅವನು ಪೆಚ್ಚಾದ.

ಇಬ್ಬರೂ ಕಲಬುರಗಿಗೆ ಹೋದರು. ಆಟಿಕೆ ಅಂಗಡಿಯ ಪರ್ವೇಜ್ ಒಡೆದ ಕ್ಯೂಬನ್ನು ಮೂಸಿ ನೋಡಿದ.

“ಪೆಟ್ರೋಲಿನ ಜಾತಿ ಎಣ್ಣಿ ಪ್ಲಾಸ್ಟಿಕ್ ತಿಂತದ ಅಕ್ಕಾರ. ಬರೇ ಸಿಲಿಕೋನ್ ಎಣ್ಣಿ ಹಾಕ್ಬೇಕ್ರಿ. ಮೊದ್ಲು ಒಳಗ ಕಾಣದ ಕಡಿ ಒಂದು ಹನಿ ಹಚ್ಚಿ, ಒಂದಿನ ಬಿಟ್ಟು ನೋಡ್ರಿ. ಏನೂ ಆಗ್ಲಿಲ್ಲಂದ್ರ ಉಳಿದಿದ್ದಕ್ಕ ಹಾಕ್ರಿ.”

ಹೊಸ ಕ್ಯೂಬು, ಸಣ್ಣದೊಂದು ಸೀಸೆ ಕೊಂಡು ತಂದರು. ನೀಲಗಂಗಮ್ಮ ಅವನು ಹೇಳಿದಂತೆಯೇ ಮಾಡಿದಳು. ಮರುದಿನ ಪ್ಲಾಸ್ಟಿಕ್ ಇದ್ದ ಹಾಗೇ ಇತ್ತು. ಎಣ್ಣೆ ಬಿಟ್ಟು ಆಸೆಯಿಂದ ತಿರುವಿದಳು. ಅರ್ಧಕ್ಕೆ ನಿಂತಿತು.

“ಇದೂ ಬಿಗಿನೇ ಅದರಿ.”

ಸೂಗಪ್ಪ ಇಸಿದುಕೊಂಡ. ಸ್ಟೀರಿಂಗ್ ಹಿಡಿದು ದಡ್ಡುಗಟ್ಟಿದ ಅವನ ಹೆಬ್ಬೆರಳು ತಾಕಿದ್ದೇ ತಡ, ಕ್ಯೂಬು ಸರ್ರನೆ ತಿರುಗಿತು.

“ಬೆಣ್ಣಿ ಹಂಗ ತಿರಗ್ತದಲ್ಲ ನೀಲಾ!” ಎಂದು ನಕ್ಕವನು ಹೆಂಡತಿಯ ಮುಖ ನೋಡಿ ಕ್ಯೂಬನ್ನು ಕೆಳಗಿಟ್ಟ.

ಅವಳು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸಲಾಗದಿದ್ದಾಗ ಕಣ್ಣನ್ನು ಬೈದಿದ್ದಳು, ಬಟ್ಟೆ ಸೊಟ್ಟ ಕತ್ತರಿಸಿದಾಗ ಕತ್ತರಿ ಮೊಂಡಾಗಿದೆ ಎಂದಿದ್ದಳು. ಇನ್ನು ಬೈಯಲು ಯಾವುದೂ ಉಳಿದಿರಲಿಲ್ಲ.

ಡಾಕ್ಟರು ಕೀಲುಗಳ ರೋಗವೆಂದರು. ಗುಳಿಗೆಯಿಂದ ನೋವು ತಗ್ಗೀತು, ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗದು ಎಂದರು.

“ಎಣ್ಣಿ ಹಚ್ಚಿ ತಿಕ್ಕಿದ್ರ ಸಾಹೇಬ್ರ?” ಎಂದು ಸೂಗಪ್ಪ ಕೇಳಿದ. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು.

ಯುಗಾದಿಯ ಹೊತ್ತಿಗೆ ಅವಳು ಹೊಲಿಯಲು ಬಂದಿದ್ದ ಬಟ್ಟೆಗಳನ್ನೆಲ್ಲ ಹಿಂದಿರುಗಿಸಿದಳು. ಸಂಜೆ ಸೂಗಪ್ಪ ಕ್ಯೂಬು ಹಿಡಿದು ಪಕ್ಕದಲ್ಲಿ ಕೂರುತ್ತಿದ್ದ. “ಹೇಳು, ಈಗ ಯಾವ ಕಡಿ ತಿರವ್ಲಿ?” ಮೊದಮೊದಲು ಅವಳು ಹೇಳಿಕೊಟ್ಟಳು. ಅವನು ತಪ್ಪಿ ತಿರುವಿದಾಗಲೆಲ್ಲ ಅವಳ ಕೈ ಮುಂದಕ್ಕೆ ಬರುತ್ತಿತ್ತು, ಹಾಗೇ ಮಡಿಲಿಗೆ ಮರಳುತ್ತಿತ್ತು.

ಒಂದು ಸಂಜೆ, “ಸಾಕು ಬಿಡ್ರಿ, ಚಾ ಆರ್ತದ” ಎಂದಳು. ಕಪ್ಪು ಎತ್ತಲು ಅವಳಿಗೆ ಎರಡೂ ಕೈ ಬೇಕಾದವು.