ದೆವ್ವದ ಮನೆಯ ಹಳಿ

ಊರಂಚಿನ ಮನರಂಜನಾ ಪಾರ್ಕು ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅವಳನ್ನು ಜನ ದೆವ್ವದಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳಿಗೆ ಸಿಕ್ಕಿದ್ದು ಅಲ್ಲಿನ ದೆವ್ವದ ಮನೆಯ ಕೆಲಸ. ತಲೆ ಕೆದರಿಕೊಂಡು, ಮುಖಕ್ಕೆ ಪೌಡರ್ ಮೆತ್ತಿಕೊಂಡು ಕತ್ತಲ ತಿರುವಿನಲ್ಲಿ ನಿಲ್ಲಬೇಕು. ಹಳಿಯ ಮೇಲೆ ಪುಟ್ಟ ಗಾಡಿ ಬಂದೊಡನೆ ಕಿಟಾರನೆ ಕಿರುಚಬೇಕು. "ಮನೇಲಿ ಕಿರುಚಿದ್ರೆ ಬೈತಾರೆ, ಇಲ್ಲಿ ಕಿರುಚದಿದ್ರೆ ಬೈತಾರೆ" ಎಂದು ನಗುತ್ತಿದ್ದಳು. ಸಂಜೆಗೆ ಗಂಟಲು ಕಟ್ಟಿ, ಮಗಳನ್ನು ಗದರುವುದೂ ಪಿಸುಮಾತಿನಲ್ಲೇ ಆಗುತ್ತಿತ್ತು.

ಈಗ ಆ ಮಗಳು ಬಟ್ಟೆಯ ಬೀರು ಕೊಳ್ಳಲೆಂದು ಅಮ್ಮನನ್ನು ಹೊಸ ಪೀಠೋಪಕರಣದ ಅಂಗಡಿಗೆ ಕರೆತಂದಿದ್ದಳು. ಅಂಗಡಿಯ ಹಿಂದೆ ಕಾರು ನಿಲ್ಲಿಸಿದಾಗ ದೆವ್ವದಕ್ಕ ಸುತ್ತ ನೋಡಿದಳು. ಪಾರ್ಕಿದ್ದ ಅದೇ ಜಾಗ! ಜೈಂಟ್ ವೀಲ್ ನಿಂತಿದ್ದ ಸಿಮೆಂಟ್ ಕಟ್ಟೆಗಳ ಮೇಲೆ ಲಾರಿಯವರ ಅಂಗಿಗಳು ಒಣಗುತ್ತಿದ್ದವು. ದೋಣಿಯ ಕೊಳದ ತುಂಬ ಕಳೆ. ಅದರ ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಟೈಲ್ಸಿನ ಚೂರು. ದೆವ್ವದ ಮನೆಯ ಗೋಡೆಗಳು ಹೋಗಿ, ನೆಲದಲ್ಲಿ ಹೂತ ಹಳಿಯಷ್ಟೇ ಉಳಿದಿತ್ತು. ಅದು ಬಳುಕಿ ಹೋಗಿ ಲಾರಿಯೊಂದರ ಅಡಿಯಲ್ಲಿ ಮಾಯವಾಗಿತ್ತು.

ಅವಳು ಹಳಿ ಹಿಡಿದು ನಡೆದು ತಿರುವಿನಲ್ಲಿ ನಿಂತಳು. "ನಾನು ನಿಲ್ತಾ ಇದ್ದಿದ್ದು ಇಲ್ಲೇ ಕಣೇ."

"ಗೊತ್ತಮ್ಮ. ಸ್ಕೂಲಿಂದ ಪಾರ್ಕಿಗೆ ಕರ್ಕೊಂಡು ಬಂದಾಗ, ಈ ತಿರುವಲ್ಲಿ ನೀನು ಬರ್ತೀಯ ಅಂತ ಗಾಡೀಲಿ ಕೂತು ಕಾಯ್ತಾ ಇದ್ದೆ. ನೀನು ಬರ್ಲೇ ಇಲ್ಲ."

ಆವತ್ತು ಕತ್ತಲಲ್ಲಿ ಮಗಳ ಕಿಲಕಿಲ ನಗು ಕೇಳಿದೊಡನೆ ದೆವ್ವದಕ್ಕ ಗೋಡೆಗೆ ಅಂಟಿಕೊಂಡು, ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಗಾಡಿ ಹಾಗೇ ದಾಟಿ ಹೋಗಿತ್ತು.

"ಇದ್ದೆ ಕಣೇ. ನಿನ್ನ ಗೆಳತಿಯರಿಗೆ ಗೊತ್ತಾದ್ರೆ ನಿನಗೆ ಅವಮಾನ ಅಂತ ಬಚ್ಚಿಟ್ಕೊಂಡೆ."

"ಅವಮಾನಾನಾ? ನಮ್ಮಮ್ಮನೇ ದೆವ್ವ ಅಂತ ಕ್ಲಾಸಿಗೆಲ್ಲ ಜಂಬ ಕೊಚ್ಕೊಂಡಿದ್ದೆ! ಆಮೇಲೆ ಎಲ್ರೂ ನನ್ನ ಸುಳ್ಳಿ ಅಂತ ಕರೆಯೋಕೆ ಶುರು ಮಾಡಿದ್ರು."

"ಅಯ್ಯೋ, ಮನೆಗೆ ಬಂದು ನನ್ನ ಕೇಳಬಾರದಿತ್ತಾ?"

ಮಗಳು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು. "ಆವತ್ತು ನನ್ನ ಷೂ ಹರಿದಿತ್ತು. ನಿನಗೇ ನನ್ನ ಕಂಡು ನಾಚಿಕೆ ಆಯ್ತೇನೋ ಅಂದ್ಕೊಂಡೆ."

ಒಂದೇ ಕೋಣೆಯಲ್ಲಿ, ಒಂದೇ ಹೊದಿಕೆಯಡಿ ಮಲಗುತ್ತಿದ್ದ ಇಬ್ಬರೂ ಇಷ್ಟು ವರ್ಷ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಬದುಕಿದ್ದರು.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಲಾರಿ ತೆಗೀಬೇಕು" ಎಂದು ಡ್ರೈವರ್ ಕೂಗಿದ. ಮಗಳು ಅಮ್ಮನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡಳು. ಲಾರಿ ಹೋದ ಮೇಲೂ ಬಹಳ ಹೊತ್ತು ಆ ಕೈ ಬಿಡಲಿಲ್ಲ. ಬೀರು ನೋಡಲು ಆವತ್ತು ಇಬ್ಬರಿಗೂ ಮನಸ್ಸಾಗಲಿಲ್ಲ.