ನಿದ್ದೆ ಬಾರದ ಹುಡುಗಿಗೆ ನಾವು ಕೊಟ್ಟ ಮದ್ದು

ಹೆತ್ತ ಅಪ್ಪನನ್ನು ನಾನೇ ದನದ ಕೊಟ್ಟಿಗೆಯಲ್ಲಿ ಕೂಡಿ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದೇನೆ.

ಗಾಬರಿಯಾಗಬೇಡಿ. ಇದು ನಡೆದು ಐದು ತಿಂಗಳಾಯಿತು. ಅಪ್ಪ ಈಗ ಹೊರಗೇ ಇದ್ದಾನೆ, ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಾನೆ. ಆದರೆ ನೀವೇ ಯೋಚಿಸಿ. ಆಳಂದದ ಅದಾಲತ್ತಿನಲ್ಲಿ ಹದಿನೆಂಟು ವರ್ಷದಿಂದ ಕರಿ ಕೋಟು ತೊಟ್ಟು, 'ವಾರಂಟು ಇಲ್ಲದೆ ನನ್ನ ಪಕ್ಷಗಾರನನ್ನು ಹೇಗೆ ಕೂಡಿ ಹಾಕಿದಿರಿ?' ಎಂದು ಪೊಲೀಸರ ಮೇಲೆ ಹರಿಹಾಯುವವನು ನಾನು. ನಮ್ಮ ಮನೆಯಲ್ಲಿ ಮಾತ್ರ ವಾರಂಟಿನ ನೆನಪು ಯಾರಿಗೂ ಆಗಲಿಲ್ಲ.

ಅಂದು ನರೋಣಾದಲ್ಲಿ ಅಣ್ಣನ ಮನೆಗೆ ಬೀಗರಾಗುವವರು ಬರುವವರಿದ್ದರು. ಅಣ್ಣನ ಮಗಳು ನೀಲಮ್ಮನಿಗೆ ಹದಿನೈದು. ಹುಡುಗನ ಕಡೆಯವರು ಜೇವರ್ಗಿಯವರು, ಒಕ್ಕಲುತನ ಚೆನ್ನಾಗಿದ್ದ ಮನೆ. ಅಂಥವರ ಎದುರಿಗೆ ಅಪ್ಪ ಬಂದು ಕೂತರೆ ಏನು ಗತಿ? ಆ ಬೇಸಿಗೆಯಿಂದ ಅಪ್ಪ ಅಪ್ಪನಾಗಿ ಉಳಿದಿರಲಿಲ್ಲ. ಕಂಡಕಂಡವರ ಮೇಲೆ ಸಿಡಿಮಿಡಿ. ಎತ್ತಿನ ಕೊರಳ ಗೆಜ್ಜೆಯನ್ನು ಪಕ್ಕದ ಮನೆಯವರು ಕದ್ದರೆಂದು ದಿನವೂ ಜಗಳ. ಮುಂಜಾನೆ ಉಂಡದ್ದನ್ನು ಮಧ್ಯಾಹ್ನ ಮರೆತು ಸೊಸೆಗೆ ಬೈಗುಳ. ಮಲಗುವುದಂತೂ ಇಲ್ಲವೇ ಇಲ್ಲ.

ಊರು ಒಂದೇ ಮಾತಿನಲ್ಲಿ ಕೇಸು ಮುಗಿಸಿತು. ಅರವತ್ತಕ್ಕೆ ಅರಳು ಮರಳು. ಅಪ್ಪನಿಗೆ ಅರವತ್ತೆಂಟು, ಎಂಟು ವರ್ಷ ತಡವಾಗಿಯೇ ಬಂದಿದೆ ಎಂದು ನಾವೂ ನಕ್ಕೆವು. ಗಾದೆ ಇದ್ದ ಮೇಲೆ ಡಾಕ್ಟರು ಯಾಕೆ ಬೇಕು?

ಹೀಗೆ ಅಪ್ಪ ಕೊಟ್ಟಿಗೆಯಲ್ಲಿ, ಬೀಗರು ಪಡಸಾಲೆಯಲ್ಲಿ. ನೀಲಮ್ಮ ಹೊರಗೆ ಬಂದಳು. ಬಂದವಳು ನೆಲ ನೋಡಲಿಲ್ಲ. ಎಲ್ಲರನ್ನೂ ನೋಡಿದಳು, ನಕ್ಕಳು, ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಕರೆದರೆ ಬಾಗಿಲ ಹಿಂದೆ ಅಡಗುತ್ತಿದ್ದ ಹುಡುಗಿ ಅವಳು. ಹುಡುಗನ ತಾಯಿಗೆ ಆ ಚುರುಕುತನ ಬಹಳ ಹಿಡಿಸಿತು. ಒಂದು ವಾರದಿಂದ ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸಿ, ಅಂಗಳ ಸಾರಿಸಿ, ಯಾರೂ ಹೇಳದ ಕೆಲಸವನ್ನೂ ಮಾಡುತ್ತಿದ್ದಾಳೆಂದು ಅತ್ತಿಗೆ ಹೆಮ್ಮೆಯಿಂದ ಸೇರಿಸಿದಳು. ಒಪ್ಪಿಗೆ ಆಗಿಹೋಯಿತು.

ಮರುದಿನ ಅದೇ ಹುಡುಗಿ ತಂಗಿಯ ಮೇಲೆ ಹಿತ್ತಾಳೆ ತಂಬಿಗೆ ಬೀಸಿ ಒಗೆದಳು. ಒಂದು ಗಳಿಗೆ ಅಳು, ಮರುಗಳಿಗೆ ನಗು, ಅದರ ಬೆನ್ನಿಗೇ ಸಿಟ್ಟು. ನಾನು ಆಳಂದಕ್ಕೆ ಹೊರಟಾಗ ಬಂಡಿಯ ತನಕ ಬಂದು ಮೆಲ್ಲಗೆ ಹೇಳಿದಳು.

"ಕಾಕಾ, ನಂಗ ನಿದ್ದಿನೇ ಬರವಲ್ದು. ಒಳಗ ಏನೋ ಓಡಾಕತ್ತದ, ನಿಲ್ಲವಲ್ದು. ಮುತ್ಯಾಗೂ ಹಿಂಗೇ ಆಗ್ಯಾದ. ಇಬ್ಬರಿಗೂ ಯಾರಿಗರ ತೋರಸ್ರಿ."

ಓದುಗರೇ, ಹದಿನೈದು ವರ್ಷದ ಹುಡುಗಿ ರೋಗವನ್ನು ತಾನೇ ಗುರುತಿಸಿದ್ದಳು. ತನ್ನದನ್ನೂ, ತನ್ನ ಮುತ್ಯಾ ಆದ ನಮ್ಮಪ್ಪನದನ್ನೂ. ಓದಿದ ಕಾಕಾ ಏನೆಂದ ಗೊತ್ತೇ? ಮದುವೆ ಗೊತ್ತಾದ ಹುಡುಗಿಯರಿಗೆ ಹಾಗೆ ಆಗುವುದೇ, ಗಂಡನ ಮನೆಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ತಲೆ ಸವರಿದೆ.

ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ. ಈ ಗಾದೆಯನ್ನು ನಾವೆಲ್ಲ ನಗೆಚಾಟಿಕೆಗೆ ಹೇಳುತ್ತೇವೆ. ಅಣ್ಣ ಅದನ್ನು ವೈದ್ಯಶಾಸ್ತ್ರ ಎಂದೇ ನಂಬಿದ. ಹುಡುಗಿಯ ಸಿಡುಕು ಜೇವರ್ಗಿಗೆ ತಿಳಿಯುವ ಮೊದಲೇ ಅಕ್ಕಿಕಾಳು ಬೀಳಲಿ ಎಂದು ಅವಸರ ಮಾಡಿದ. ಮದುವೆಯ ದಿನ ಬೇಗ ಇಡಿರೆಂದು ಬೀಗರಿಗೆ ಕಾಗದ ಬರೆದವನು ನಾನು. (ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ.)

ಜೇವರ್ಗಿಯಲ್ಲಿ ನೀಲಮ್ಮ ಇದ್ದದ್ದು ಇಪ್ಪತ್ತು ದಿನ. ತನ್ನ ಮನೆಯ ಅಂಗಳದ ಜೊತೆ ಓಣಿಯನ್ನೆಲ್ಲ ಗುಡಿಸಿದಳಂತೆ. ಮದುವೆಯ ಸೀರೆಗಳನ್ನು ಕೇಳಿದವರಿಗೆ, ಕೇಳದವರಿಗೆ ಹಂಚಿದಳಂತೆ. ಊರ ಹೆಣ್ಣುಮಕ್ಕಳಿಗೆಲ್ಲ ತಾನೇ ಶಾಲೆ ತೆರೆಯುತ್ತೇನೆಂದು ಊರ ಅಗಸಿ ಬಾಗಿಲಲ್ಲಿ ನಿಂತು ಸಾರಿದಳಂತೆ. ತಡೆದ ಅತ್ತೆಯನ್ನು ನಾಲ್ಕು ಜನರೆದುರು ಹೆಸರು ಹಿಡಿದು ಕರೆದಳಂತೆ. ಗಾಳಿ ಸೋಕಿದೆ ಎಂದು ಅವರು ಮೆಣಸಿನಕಾಯಿ ಹೊಗೆ ಹಾಕಿದರು. ಗಾಳಿ ಹೋಗದಿದ್ದಾಗ ಒಂದು ದಿನ ಬಂಡಿಯಲ್ಲಿ ತಂದು, ಟ್ರಂಕಿನ ಸಮೇತ ಅಣ್ಣನ ಬಾಗಿಲಲ್ಲಿ ಇಳಿಸಿ ಹೋದರು. ಹುಡುಗಿಯ ಕಣ್ಣುಗಳು ಆ ಹೊಗೆಗೆ ಇನ್ನೂ ಬಾತಿದ್ದವು.

ಆಗ ನನಗೆ ಬುದ್ಧಿ ಬಂತು. ಅಂದರೆ, ತಡವಾಗಿ ಬಂತು. ಸರ್ವೀಸ್ ಮೋಟಾರು ಹತ್ತಿಸಿ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದೆ.

ಡಾಕ್ಟರು ವಯಸ್ಸಾದವರು. ಮೊದಲು ಕೇಳಿದ್ದು ಎಷ್ಟು ತಾಸು ಮಲಗುತ್ತಾಳೆ ಎಂದು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದು, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು. ಇಲ್ಲ ಎಂದೆ. ವಕೀಲನ ನಾಲಿಗೆ, ಅಭ್ಯಾಸಬಲ. ಆಮೇಲೆ ಎದುರಿಗೆ ಕೂತ ಹುಡುಗಿಯ ಮುಖ ನೋಡಿ ಬಾಯಿಬಿಟ್ಟೆ.

ನಾನು ಸಣ್ಣವನಿದ್ದಾಗ, ಅಪ್ಪನಿಗೆ ಮೂವತ್ತರ ಆಸುಪಾಸಿನಲ್ಲಿ, ಒಂದು ಮಳೆಗಾಲ ಹೀಗೇ ನಿದ್ದೆ ಹೋಗಿತ್ತು. ಅಫಜಲಪುರದ ಕಡೆಯಿಂದ ಭೀಮೆಯ ನೀರನ್ನು ಕಾಲುವೆ ತೋಡಿ ನರೋಣಾಕ್ಕೆ ತರುತ್ತೇನೆಂದು ಹೊರಟ. ಕಂಡವರ ಹೊಲದಲ್ಲೆಲ್ಲ ಸುಣ್ಣದ ಗೆರೆ ಎಳೆದ. ಸಾಕಿದ ಎತ್ತಿನ ಜೋಡಿಯನ್ನು ದಾರಿಹೋಕ ಜಂಗಮರಿಗೆ ದಾನ ಕೊಟ್ಟ. ಹಗಲಿರುಳು ಮಾತು, ಹಾಡು, ಲೆಕ್ಕವಿಲ್ಲದಷ್ಟು ಯೋಜನೆ. ಊರು ಏನೆಂದಿತು? ಧರ್ಮಾತ್ಮ ಎಂದಿತು. ಕುದುರೆಯ ಮೇಲೆ ಕೂಡಿಸಿ ಹಾರ ಹಾಕಿ ಮೆರೆಸಿತು. ಮುಂದೆ ಅಪ್ಪ ಎಂಟು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಆಗ ಹಾರ ತಂದವರು ಯಾರೂ ಹೊಸ್ತಿಲು ತುಳಿಯಲಿಲ್ಲ, ದೃಷ್ಟಿ ತಾಗಿದೆ ಎಂದು ಸುಮ್ಮನಾದರು.

ಅಪ್ಪನ ಈಗಿನ ಸ್ಥಿತಿಯನ್ನೂ ಹೇಳಿದೆ. ಡಾಕ್ಟರು ಎಲ್ಲ ಕೇಳಿ, ಮೇನಿಯಾ ಎಂದರು. ಅಪ್ಪನ ಅಂದಿನದು, ಇಂದಿನದು, ಹುಡುಗಿಯದು, ಮೂರೂ ಒಂದೇ ರೋಗ. ಪ್ರಾಯದವರಲ್ಲಿ ಅದು ನಾನೇ ದೊಡ್ಡವನು ಎಂಬ ಹುಮ್ಮಸ್ಸಾಗಿ, ದಾನವಾಗಿ, ದೊಡ್ಡ ದೊಡ್ಡ ಯೋಜನೆಗಳಾಗಿ ಕಾಣುತ್ತದೆ. ಎಳೆಯರಲ್ಲಿ ಎಷ್ಟೋ ಸಲ ಹುಮ್ಮಸ್ಸಿಗಿಂತ ಸಿಡುಕೇ ಹೆಚ್ಚು. ತಾಸಿನಲ್ಲಿ ಮೂರು ಸಲ ಅಳು ನಗು ಬದಲಾಗುತ್ತದೆ, ಹಿರಿಯರು ಅದನ್ನು ಹಟ ಅನ್ನುತ್ತಾರೆ, ಸೊಕ್ಕು ಅನ್ನುತ್ತಾರೆ. ಮುದುಕರಲ್ಲಿ ಸಂಶಯ, ಕಿರಿಕಿರಿ, ಮರೆವು ಕಲಸಿಕೊಂಡಿರುವುದರಿಂದ ಅರಳು ಮರಳು ಎಂದು ಕೈಬಿಡುತ್ತಾರೆ.

"ವಯಸ್ಸು ನೋಡಿ ಮೋಸ ಹೋಗಬ್ಯಾಡ್ರಿ ವಕೀಲಸಾಬ್," ಎಂದರು. "ಮೊದಲಿನಂಗ ಇದ್ದಾರೋ ಇಲ್ಲೋ ಅನ್ನೋದು ನೋಡ್ರಿ. ನಿದ್ದಿ ಕೇಳ್ರಿ."

ಹುಡುಗಿಗೂ ಅಪ್ಪನಿಗೂ ನಿದ್ದೆಗೆ ಔಷಧ ಬರೆದುಕೊಟ್ಟರು. ಹುಡುಗಿಯನ್ನು ಗದ್ದಲವಿಲ್ಲದ ಕೋಣೆಯಲ್ಲಿಡಿ, ಬೈಯಬೇಡಿ, ಬಡಿಯಬೇಡಿ ಎಂದರು. ಈ ಅಬ್ಬರ ಇಳಿದ ಮೇಲೆ ಅಪ್ಪನಂತೆಯೇ ಅವಳೂ ಗೋಡೆಗೆ ಮುಖ ಮಾಡಬಹುದು, ಅದನ್ನು ಗುಣ ಎಂದು ತಿಳಿಯಬೇಡಿ, ಆಗಂತೂ ಒಬ್ಬಳನ್ನೇ ಬಿಡಬೇಡಿ ಎಂದು ಎರಡು ಸಲ ಹೇಳಿದರು.

ವಕೀಲನಾಗಿ ನನಗೆ ಒಂದು ಲೆಕ್ಕ ಬಗೆಹರಿಯುತ್ತಿಲ್ಲ. ಒಂದೇ ಗುನ್ಹೆಗೆ ಒಂದೇ ಶಿಕ್ಷೆ ಎಂದು ನಿಜಾಮರ ಕಾನೂನೂ ಹೇಳುತ್ತದೆ, ಇಂಗ್ಲಿಷರ ಕಾನೂನೂ ಹೇಳುತ್ತದೆ. ನಮ್ಮ ಓಣಿಯ ಕಾನೂನು ಬೇರೆ. ಮೂವತ್ತರ ಗಂಡಸಿಗೆ ಬಂದರೆ ಕುದುರೆ, ಮುದುಕನಿಗೆ ಬಂದರೆ ಕೊಟ್ಟಿಗೆ, ಹುಡುಗಿಗೆ ಬಂದರೆ ತಾಳಿ. ಈ ಮೂರನೆಯ ತೀರ್ಪಿಗೆ ಅಪೀಲು ಎಲ್ಲಿ ಹಾಕಬೇಕು?

ಹೋದ ವಾರ ಬೀಗರು ನರೋಣಾಕ್ಕೆ ಬಂದರು. ನಾನೂ ಹೋಗಿದ್ದೆ.

ಡಾಕ್ಟರು ಹೇಳಿದ್ದೇ ಆಗಿತ್ತು. ನೀಲಮ್ಮ ಮಾತು ಬಿಟ್ಟು ಹದಿನೈದು ದಿನ. ಊಟ ಕೊಟ್ಟರೆ ಎರಡು ತುತ್ತು. ಕೂಡಿಸಿದಲ್ಲಿ ಕೂರುತ್ತಾಳೆ, ಎಬ್ಬಿಸಿದರೆ ಏಳುತ್ತಾಳೆ. ಅತ್ತಿಗೆ ತಲೆ ಬಾಚಿ, ಸೆರಗು ಹೊದಿಸಿ ಹೊರಗೆ ಕರೆತಂದಳು. ಹುಡುಗಿ ತಲೆ ತಗ್ಗಿಸಿ ಕೂತಳು. ಹಿಂದೆ ಎಲ್ಲರ ಮುಖ ನೋಡಿದವಳು ಈ ಸಲ ನೆಲ ಬಿಟ್ಟು ಏನೂ ನೋಡಲಿಲ್ಲ.

ಅತ್ತೆ ಅವಳನ್ನು ಬಹಳ ಹೊತ್ತು ದಿಟ್ಟಿಸಿದಳು. ಕೆಟ್ಟ ಹೆಂಗಸಲ್ಲ ಆಕೆ, ಮುಖದಲ್ಲಿ ನಿಜವಾದ ಸಮಾಧಾನವೇ ಇತ್ತು.

"ಈಗ ನೆಟ್ಟಗಾಗ್ಯಾಳ ನೋಡ್ರಿ," ಎಂದಳು. "ಎಷ್ಟ್ ಶಾಂತ ಕುಂತಾಳ. ಅಮಾಸಿ ಮುಗದ ಮ್ಯಾಲ ಕರಕೊಂಡ್ ಹೋಗ್ತೇವ್ರಿ."

ಅಣ್ಣನ ಕಣ್ಣಲ್ಲಿ ನೀರು ಬಂತು. ಅತ್ತಿಗೆ ಸಕ್ಕರೆ ತರಲು ಒಳಗೆ ಓಡಿದಳು. ಸುಮ್ಮನಿದ್ದರೆ ನನಗೇನು ನಷ್ಟವಿತ್ತು? ಅಣ್ಣ ನನ್ನನ್ನೇ ನೋಡುತ್ತಿದ್ದ, ಬಾಯಿ ತೆರೆಯಬೇಡ ಎಂದು ಆ ಕಣ್ಣು ಬೇಡುತ್ತಿತ್ತು.

"ಕಳಸಂಗಿಲ್ರಿ," ಎಂದೆ. "ಇದು ಗುಣ ಅಲ್ರಿ, ಆ ಬ್ಯಾನಿದೇ ಇನ್ನೊಂದು ಮಗ್ಗಲ. ನಮ್ಮ ಅಪ್ಪಗ ಇತ್ತು. ನಮಗ ಗೊತ್ತಿತ್ತು."

ಕಡೆಯ ಎರಡು ಶಬ್ದಗಳ ಬೆಲೆ ವಕೀಲನಾದ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ವಿರುದ್ಧ ನಾನೇ ಸಾಕ್ಷಿ ನುಡಿದಿದ್ದೆ. ಬೀಗರು ನೀರೂ ಕುಡಿಯದೆ ಎದ್ದರು. ಮಗನಿಗೆ ಬೇರೆ ಕನ್ಯೆ ನೋಡುತ್ತಿದ್ದಾರಂತೆ. ಮಗಳ ಸಂಸಾರ ಮುರಿದವನು ಎಂದು ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಸಿಟ್ಟು ನ್ಯಾಯವಾದದ್ದೇ, ನಾನು ಆಡಬೇಕಾದ ಮಾತನ್ನು ಐದು ತಿಂಗಳು ತಡವಾಗಿ ಆಡಿದೆ. ಅತ್ತಿಗೆ ಮಾತ್ರ ಈಗ ಮಗಳ ಮಗ್ಗುಲಲ್ಲೇ ಚಾಪೆ ಹಾಸಿಕೊಳ್ಳುತ್ತಾಳೆ.

ಡಾಕ್ಟರು ಹೇಳುವಂತೆ ಕೆಲವು ತಿಂಗಳಲ್ಲಿ ಇದೂ ಇಳಿಯುತ್ತದೆ. ಹುಡುಗಿ ಮೊದಲಿನಂತಾಗುತ್ತಾಳೆ. ಆಗ ಒಂದು ದಿನ ನಿಜವಾಗಿಯೇ ಗುಣವಾಗಿ, ತಂಗಿಯೊಡನೆ ಕೂತು ನೀಲಮ್ಮ ಜೋರಾಗಿ ನಕ್ಕಳು ಎಂದಿಟ್ಟುಕೊಳ್ಳಿ. ಆ ನಗೆಗೆ ನಾವು ಏನು ಹೆಸರಿಡುತ್ತೇವೆ?